ಮೇದೋಜೀರಕ ಗ್ರಂಥಿಯ ಸಿಸ್ಟುಗಳು ಮತ್ತು ಅವನ್ನು ಕಾಣುವ ಚಿತ್ರಣವಿಧಾನಗಳು: ಒಂದು ತೌಲನಿಕ ವಿವೇಚನೆ

ಮನುಷ್ಯನ ಹೊಟ್ಟೆಯೊಳಗಿನ ಅಂಗಗಳ ಪೈಕಿ ವೈದ್ಯನ ಕೈಗೂ ಕಣ್ಣಿಗೂ ಬಹುಕಾಲ ಸಿಕ್ಕದೆ ಉಳಿದದ್ದು ಮೇದೋಜೀರಕ ಗ್ರಂಥಿ. ಅದು ಜಠರದ ಹಿಂದೆ, ಬೆನ್ನೆಲುಬಿನ ಮುಂದೆ, ಬಲದಲ್ಲಿ ಸಣ್ಣಕರುಳಿನ ಮೊದಲ ಬಾಗಿನಿಂದ ಹಿಡಿದು ಎಡದಲ್ಲಿ ಗುಲ್ಮದವರೆಗೆ ಅಡ್ಡಲಾಗಿ ಮಲಗಿದೆ. ಅದರ ಉದ್ದ ಒಂದು ಗೇಣಿಗಿಂತ ಕಡಮೆ. ತೂಕ ಸುಮಾರು 100 ಗ್ರಾಂ. ಉಂಡದ್ದನ್ನು ಅರಗಿಸುವ ರಸವನ್ನು ಕರುಳಿಗೂ, ಇನ್ಸುಲಿನ್ನನ್ನು ರಕ್ತಕ್ಕೂ ಒದಗಿಸುವ ಈ ಗ್ರಂಥಿಯಲ್ಲಿ ಕೆಲವು ವೇಳೆ ದ್ರವ ತುಂಬಿದ ಚೀಲಗಳು ಏರ್ಪಡುವುದುಂಟು. ವೈದ್ಯರು ಇವನ್ನು ಸಿಸ್ಟುಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕೆಲವು ಮಾತ್ರ ವರ್ಷಗಳು ಕಳೆದ ಮೇಲೆ ಕ್ಯಾನ್ಸರಾಗಿ ಪರಿಣಮಿಸತಕ್ಕವು. ಯಾವುದು ಯಾವ ಜಾತಿಗೆ ಸೇರಿದ್ದೆಂಬುದನ್ನು ಹೊಟ್ಟೆಯನ್ನು ಕೊಯ್ಯದೆ ತಿಳಿಯುವ ಬಗೆ ಹೇಗೆ, ಅದಕ್ಕಾಗಿ ಬಳಕೆಗೆ ಬಂದಿರುವ ಚಿತ್ರಣವಿಧಾನಗಳಲ್ಲಿ ಯಾವುದರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಈ ಲೇಖನದ ವಿಷಯ.

ಇತಿಹಾಸದ ಅಧ್ಯಾಪಕನು ಇಂಥ ವಿಷಯಕ್ಕೆ ಕೈಹಾಕುವುದು ಕೆಲವು ವಾಚಕರಿಗೆ ಸೋಜಿಗವೆನಿಸಬಹುದು. ಆದರೆ ಈ ಕೆಳಗಿನ ಅಂಕಿಗಳನ್ನು ಅವರು ಒಮ್ಮೆ ಪರಿಶೀಲಿಸಬೇಕು. 2008ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ ಸಿ.ಟಿ. ಸ್ಕ್ಯಾನಿಗೆ ಒಳಗಾದ 2832 ಜನರ ಚಿತ್ರಗಳನ್ನು ಪರೀಕ್ಷಿಸಿದಾಗ 73 ಮಂದಿಯಲ್ಲಿ, ಎಂದರೆ ನೂರಕ್ಕೆ 2.6ರಷ್ಟು ಜನರಲ್ಲಿ, ಯಾರೂ ಎದುರುನೋಡಿರದ ಸಿಸ್ಟುಗಳು ಕಂಡುಬಂದುವು. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 616 ಜನರ ಎಂ.ಆರ್.ಐ. ಚಿತ್ರಗಳಲ್ಲಿ ಕಂಡುಬಂದ ಪ್ರಮಾಣ ನೂರಕ್ಕೆ 13.5. 2018ರಲ್ಲಿ ಜರ್ಮನಿಯ ಪೊಮೆರೇನಿಯಾ ಪ್ರಾಂತದ ಸಾಮಾನ್ಯ ಪ್ರಜೆಗಳಲ್ಲಿ 1077 ಮಂದಿಯನ್ನು ಎಂ.ಆರ್.ಐ.ನ ವಿಶೇಷ ಕ್ರಮದಿಂದ ನೋಡಿ, ಎರಡು ಮಿಲಿಮೀಟರಿನಷ್ಟು ಸಣ್ಣ ಚೀಲವನ್ನೂ ಬಿಡದೆ ಎಣಿಸಿದಾಗ ಆ ಪ್ರಮಾಣ ನೂರಕ್ಕೆ 49.1ಕ್ಕೆ ಏರಿತು. ಹತ್ತು ವರ್ಷಗಳ ಅವಧಿಯಲ್ಲಿ ಮನುಷ್ಯಜಾತಿಯ ದೇಹಪ್ರಕೃತಿ ಹೀಗೆ ಮಾರ್ಪಟ್ಟಿತೆಂದು ಯಾರೂ ಹೇಳಲಾರರು. ಪರೀಕ್ಷೆಗೊಳಗಾದವರ ವಯಸ್ಸು, ಪರಿಸ್ಥಿತಿಗಳಲ್ಲಿ ಭೇದವಿತ್ತೆಂಬುದು ನಿಜ. ಆದರೆ ಅದಕ್ಕಿಂತ ಮಿಗಿಲಾಗಿ ಬದಲಾದದ್ದು ನೋಡುವ ಕಣ್ಣು. ಸಿಸ್ಟು ಎಷ್ಟು ಜನರಲ್ಲಿದೆ ಎಂಬ ಪ್ರಶ್ನೆಗೆ ಬರುವ ಉತ್ತರವು ಯಾವ ಯಂತ್ರದಿಂದ ನೋಡಿದೆವು ಎಂಬುದನ್ನು ಅವಲಂಬಿಸಿದೆ.

ಇದು ನಮ್ಮ ಶಾಸ್ತ್ರಕ್ಕೆ ಹೊಸ ಮಾತಲ್ಲ. ಶಾಸನಗಳ ಸಂಖ್ಯೆ ಹೆಚ್ಚುವುದು ಶಾಸನಾನ್ವೇಷಣೆ ನಡೆದ ಸೀಮೆಯಲ್ಲಿಯೇ ಹೊರತು ಶಾಸನಗಳನ್ನು ಹೆಚ್ಚಾಗಿ ಬರೆಸಿದ ಸೀಮೆಯಲ್ಲಿಯೇ ಎಂಬ ನಿಯಮವಿಲ್ಲ. ಸಾಕ್ಷಿಯನ್ನು ಕೇಳುವುದಕ್ಕೆ ಮುಂಚೆ ಅವನು ಎಲ್ಲಿ ನಿಂತಿದ್ದ, ಅಲ್ಲಿಂದ ಅವನಿಗೆ ಏನು ಕಾಣುವಂತಿತ್ತು ಎಂದು ವಿಚಾರಿಸುವುದು ಇತಿಹಾಸಕಾರನ ಮೊದಲ ಪಾಠ. ವೈದ್ಯಕೀಯ ಚಿತ್ರಗಳಿಗೂ ಇದೇ ಪ್ರಶ್ನೆಯನ್ನು ಹಾಕಬಹುದಾಗಿದೆ.

ಚಿತ್ರಣವೇ ಇಲ್ಲದಿದ್ದ ಕಾಲದಿಂದ ಆರಂಭಿಸೋಣ. 1642ರಲ್ಲಿ ಇಟಲಿಯ ಪಡುವಾ ನಗರದಲ್ಲಿ ಯೋಹಾನ್ ಗಿಯೋರ್ಗ್ ವಿರ್ಸುಂಗ್ ಎಂಬ ಜರ್ಮನ್ ಅಂಗರಚನಾಶಾಸ್ತ್ರಜ್ಞನು ಗಲ್ಲಿಗೇರಿದ ಅಪರಾಧಿಯೊಬ್ಬನ ದೇಹವನ್ನು ಕೊಯ್ದು ನೋಡುವಾಗ, ಮೇದೋಜೀರಕ ಗ್ರಂಥಿಯ ಉದ್ದಕ್ಕೂ ಹರಿಯುವ ನಾಳವೊಂದನ್ನು ಕಂಡನು. ಅದರ ಆಕೃತಿಯನ್ನು ತಾಮ್ರದ ಫಲಕದಲ್ಲಿ ಕೆತ್ತಿಸಿ, ಅಚ್ಚುಗಳನ್ನು ಯೂರೋಪಿನ ಪಂಡಿತರಿಗೆ ಕಳುಹಿಸಿ, ಇದರ ಕಾರ್ಯವೇನೆಂದು ಕೇಳಿದನು. ಮಾರನೆಯ ವರ್ಷವೇ ಅವನ ಕೊಲೆಯಾಯಿತು; ಉತ್ತರ ಅವನಿಗೆ ದೊರೆಯಲಿಲ್ಲ. ಈ ನಾಳಕ್ಕೆ ಇಂದಿಗೂ ಅವನ ಹೆಸರೇ ಇದೆ. ಸಿಸ್ಟಿನ ಜಾತಿಯನ್ನು ನಿರ್ಣಯಿಸುವಲ್ಲಿ ಈ ನಾಳಕ್ಕೆ ಎಷ್ಟು ಮಹತ್ತ್ವವಿದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಹತ್ತೊಂಬತ್ತನೆಯ ಶತಮಾನದ ಶಸ್ತ್ರವೈದ್ಯನಿಗೆ ಹೊಟ್ಟೆಯನ್ನು ಮುಟ್ಟಿ ನೋಡುವುದಲ್ಲದೆ ಬೇರೆ ಸಾಧನವಿರಲಿಲ್ಲ. 1882ರಲ್ಲಿ ನ್ಯೂಯಾರ್ಕಿನ ನೇಥನ್ ಬೋಸ್ಮನ್ ಎಂಬ ವೈದ್ಯನು ಹೆಂಗಸೊಬ್ಬಳ ಅಂಡಾಶಯದ ಗೆಡ್ಡೆಯೆಂದು ಭಾವಿಸಿ ಹೊಟ್ಟೆಯನ್ನು ತೆರೆದಾಗ, ಅದು ಮೇದೋಜೀರಕ ಗ್ರಂಥಿಗೆ ಅಂಟಿಕೊಂಡ ಇಪ್ಪತ್ತು ಪೌಂಡಿಗೂ ಮೀರಿದ ಸಿಸ್ಟಾಗಿತ್ತು. ಅದೇ ವರ್ಷ ಕಾರ್ಲ್ ಗುಸೆನ್‌ಬೌವರ್ ಎಂಬಾತನು ಇಂಥದೇ ಚೀಲವೊಂದರ ಬಾಯನ್ನು ಹೊಟ್ಟೆಯ ಗೋಡೆಗೆ ಹೊಲಿದು ದ್ರವವನ್ನು ಹೊರಕ್ಕೆ ಹರಿಯಬಿಟ್ಟನು. ಆ ಕಾಲದಲ್ಲಿ ಸಿಸ್ಟು ವೈದ್ಯನ ಗಮನಕ್ಕೆ ಬರಬೇಕಾದರೆ ಅದು ಕುಂಬಳಕಾಯಿಯ ಗಾತ್ರಕ್ಕೆ ಬೆಳೆಯಬೇಕಾಗಿತ್ತೆಂಬುದನ್ನು ಗಮನಿಸಬೇಕು.

1895ರಲ್ಲಿ ರೋಂಟ್‌ಗೆನ್ ಕ್ಷಕಿರಣಗಳನ್ನು ಕಂಡುಹಿಡಿದದ್ದರಿಂದ ಮೂಳೆಮುರಿತದ ಚಿಕಿತ್ಸೆ ರೂಪಾಂತರಗೊಂಡಿತಾದರೂ ಮೇದೋಜೀರಕ ಗ್ರಂಥಿಯ ಪಾಲಿಗೆ ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಗ್ರಂಥಿಯೂ ಚೀಲದೊಳಗಿನ ದ್ರವವೂ ಸುತ್ತಲಿನ ಮಾಂಸವೂ ಕ್ಷಕಿರಣವನ್ನು ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ತಡೆಯುತ್ತವೆ. ಆದಕಾರಣ ನೆರಳಿನಲ್ಲಿ ಭೇದ ಕಾಣದು. ರೋಗಿಗೆ ಬೇರಿಯಂ ಕುಡಿಸಿ, ಜಠರವು ಯಾವ ಕಡೆಗೆ ತಳ್ಳಲ್ಪಟ್ಟಿದೆ, ಕರುಳಿನ ಬಾಗು ಎಷ್ಟು ಅಗಲವಾಗಿದೆ ಎಂಬುದನ್ನು ನೋಡಿ ಹಿಂದೆ ಅಡಗಿರುವ ಗೆಡ್ಡೆಯನ್ನು ಊಹಿಸುತ್ತಿದ್ದರು. ಕಳ್ಳನನ್ನು ಕಾಣದೆ ಬೇಲಿ ಬಾಗಿದ್ದನ್ನು ನೋಡಿ ಅವನು ಹೋದ ದಾರಿಯನ್ನು ಹೇಳಿದಂತೆ ಇದು. ಗ್ರಂಥಿಯಲ್ಲಿ ಸುಣ್ಣದ ಹರಳುಗಳಿದ್ದರೆ ಮಾತ್ರ ಕ್ಷಕಿರಣ ಅವನ್ನು ನೇರವಾಗಿ ತೋರಿಸಬಲ್ಲದು. ಕೇರಳದಲ್ಲಿ ಜೀವರ್ಗೀಸ್ ಎಂಬ ವೈದ್ಯರು ಎಳೆಯ ವಯಸ್ಸಿನ ಬಡರೋಗಿಗಳಲ್ಲಿ ಗ್ರಂಥಿಯೊಳಗಣ ಹರಳು, ಹೊಟ್ಟೆನೋವು, ಸಕ್ಕರೆಕಾಯಿಲೆ ಇವು ಕೂಡಿ ಬರುವುದನ್ನು ವಿವರವಾಗಿ ನಿರೂಪಿಸಿ 1968ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಆ ಕಾರ್ಯದಲ್ಲಿ ಅವರಿಗೆ ನೆರವಾದದ್ದು ಈ ಸಾಮಾನ್ಯ ಕ್ಷಕಿರಣಚಿತ್ರವೇ.

ಮೃದುವಾದ ಅಂಗಗಳ ಮಧ್ಯೆ ನೀರನ್ನು ನೀರೆಂದೇ ಗುರುತಿಸುವ ಮೊದಲ ವಿಧಾನವೆಂದರೆ ಶ್ರವಣಾತೀತ ಧ್ವನಿ, ಇಂದು ಜನಜನಿತವಾಗಿರುವ ಹೆಸರಿನಲ್ಲಿ ಅಲ್ಟ್ರಾಸೌಂಡ್. ಗ್ಲಾಸ್ಗೋ ನಗರದ ಪ್ರಸೂತಿತಜ್ಞ ಇಯಾನ್ ಡೊನಾಲ್ಡ್, ಕಾರ್ಖಾನೆಗಳಲ್ಲಿ ಲೋಹದ ಬಿರುಕುಗಳನ್ನು ಪತ್ತೆಹಚ್ಚಲು ಬಳಸುತ್ತಿದ್ದ ಯಂತ್ರವನ್ನು ಮನುಷ್ಯದೇಹಕ್ಕೆ ಹೊಂದಿಸಿಕೊಂಡು, ಮ್ಯಾಕ್‌ವಿಕರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಅವರೊಡನೆ 1958ರ ಜೂನ್ ತಿಂಗಳಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಜಠರದ ಕ್ಯಾನ್ಸರು ಮಿತಿಮೀರಿದೆ, ಶಸ್ತ್ರಚಿಕಿತ್ಸೆ ಅಸಾಧ್ಯ ಎಂದು ಕೈಬಿಡಲಾಗಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿರುವುದು ದೊಡ್ಡದೊಂದು ಸಿಸ್ಟೆಂದು ಆ ಯಂತ್ರ ತೋರಿಸಿತು. ಅದು ಅಂಡಾಶಯದ ಸಿಸ್ಟು. ಅದನ್ನು ತೆಗೆದುಹಾಕಲಾಯಿತು, ಆಕೆ ಬದುಕಿಕೊಂಡಳು. ಬೋಸ್ಮನ್ನನ ರೋಗಿಯ ಸಂಗತಿಯನ್ನು ಇದರೊಡನೆ ಹೋಲಿಸಿದರೆ ಎಪ್ಪತ್ತಾರು ವರ್ಷಗಳಲ್ಲಿ ಆದ ಮಾರ್ಪಾಡು ಸ್ಪಷ್ಟವಾಗುತ್ತದೆ.

ಇದರ ತತ್ತ್ವ ಸರಳವಾದದ್ದು. ಧ್ವನಿತರಂಗವು ಎರಡು ಭಿನ್ನ ವಸ್ತುಗಳು ಕೂಡುವ ಮೇರೆಯಲ್ಲಿ ಪ್ರತಿಧ್ವನಿಯಾಗಿ ಹಿಂದಿರುಗುತ್ತದೆ. ತಿಳಿಯಾದ ದ್ರವದಲ್ಲಿ ಅಂಥ ಮೇರೆಗಳಿಲ್ಲವಾದ್ದರಿಂದ ಸಿಸ್ಟು ಚಿತ್ರದಲ್ಲಿ ಕಪ್ಪಾಗಿ ತೋರುತ್ತದೆ. ಅಪಾಯಕರ ಕಿರಣಗಳಿಲ್ಲ, ವೆಚ್ಚ ಅಲ್ಪ, ಯಂತ್ರ ಸಣ್ಣದು. ನಮ್ಮ ದೇಶದ ಸಣ್ಣ ಪಟ್ಟಣಗಳಲ್ಲಿಯೂ, ಭ್ರೂಣದ ಲಿಂಗವನ್ನು ತಿಳಿಸುವುದಿಲ್ಲವೆಂಬ ಕಾನೂನುಬದ್ಧ ಫಲಕವನ್ನು ತೂಗುಹಾಕಿದ ಕೊಠಡಿಗಳಲ್ಲಿ, ಈ ಪರೀಕ್ಷೆ ದೊರೆಯುತ್ತದೆ. ಪಿತ್ತಕೋಶದ ಕಲ್ಲನ್ನೋ ಮೂತ್ರಪಿಂಡವನ್ನೋ ನೋಡಹೊರಟವರಿಗೆ ಮೇದೋಜೀರಕದ ಸಿಸ್ಟು ಆಕಸ್ಮಿಕವಾಗಿ ಕಾಣಸಿಗುವುದೂ ಹಲವು ವೇಳೆ ಇಲ್ಲಿಯೇ. ಆದರೆ ಗಾಳಿ ಈ ವಿಧಾನದ ಬದ್ಧವೈರಿ. ಗ್ರಂಥಿಯ ಮುಂದೆಯೇ ಜಠರವೂ ಕರುಳೂ ವಾಯುವನ್ನು ತುಂಬಿಕೊಂಡು ಕುಳಿತಿರುತ್ತವೆ. ಧ್ವನಿ ಅಲ್ಲಿಂದಲೇ ಹಿಂದಿರುಗಿಬಿಡುತ್ತದೆ. ಸ್ಥೂಲಕಾಯರಲ್ಲಿ ಕೊಬ್ಬಿನ ಪದರವು ಧ್ವನಿಯನ್ನು ಕುಂದಿಸುತ್ತದೆ. ಗ್ರಂಥಿಯ ಬಾಲದ ಭಾಗವಂತೂ ಎಷ್ಟೋ ಜನರಲ್ಲಿ ಕಾಣುವುದೇ ಇಲ್ಲ. ಅಲ್ಟ್ರಾಸೌಂಡ್ ‘ಇದೆ’ ಎಂದರೆ ನಂಬಬಹುದು. ‘ಇಲ್ಲ’ ಎಂದರೆ ಅದಕ್ಕೆ ಅಷ್ಟು ಬೆಲೆಯಿಲ್ಲ.

ಇಲ್ಲಿಯವರೆಗೆ ಪ್ರಶ್ನೆ ಇದ್ದದ್ದು ಸಿಸ್ಟು ಇದೆಯೇ ಇಲ್ಲವೇ ಎಂಬುದು. 1978ರಲ್ಲಿ ಈ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಅಮೆರಿಕದ ಸೇನಾ ರೋಗಶಾಸ್ತ್ರ ಸಂಸ್ಥೆಯಲ್ಲಿದ್ದ ಕಂಪಾನೊ ಮತ್ತು ಓರ್ಟೆಲ್ ಎಂಬ ವಿದ್ವಾಂಸರು ಸಂಗ್ರಹದಲ್ಲಿದ್ದ ಗೆಡ್ಡೆಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಮತ್ತೆ ಪರೀಕ್ಷಿಸಿ, ಅವುಗಳಲ್ಲಿ ಎರಡು ಕುಲಗಳನ್ನು ಬೇರ್ಪಡಿಸಿದರು. ಒಂದು, ತಿಳಿನೀರನ್ನು ತುಂಬಿಕೊಂಡ ಅಸಂಖ್ಯಾತ ಸಣ್ಣ ಕೋಣೆಗಳ, ಜೇನುಗೂಡಿನಂಥ ಗೆಡ್ಡೆ. ಇದು ಕ್ಯಾನ್ಸರಾಗುವುದು ಅತ್ಯಂತ ವಿರಳ. ಇನ್ನೊಂದು, ಲೋಳೆಯನ್ನು ತುಂಬಿಕೊಂಡ, ಕೆಲವೇ ದೊಡ್ಡ ಕೋಣೆಗಳ ಚೀಲ; ಇದರಲ್ಲಿ ಕ್ಯಾನ್ಸರಿನ ಬೀಜ ಅಡಗಿದೆ. ಇವಲ್ಲದೆ, ಗ್ರಂಥಿಯ ಉರಿಯೂತದ ತರುವಾಯ ರಸ ಸೋರಿ ಗೂಡುಗಟ್ಟಿಕೊಂಡ, ಸ್ವಂತ ಒಳಪೊರೆಯೇ ಇಲ್ಲದ ಹುಸಿಚೀಲಗಳು ಮೊದಲಿನಿಂದಲೂ ಗೊತ್ತಿದ್ದುವು. 1959ರಲ್ಲಿ ವರ್ಜೀನಿಯಾ ಫ್ರಾಂಟ್ಸ್ ಎಂಬ ವಿದುಷಿ ವರ್ಣಿಸಿದ, ತರುಣಿಯರಲ್ಲಿ ಕಾಣಬರುವ, ಅರೆಗಟ್ಟಿ ಅರೆದ್ರವದ ಗೆಡ್ಡೆಯೂ ಒಂದುಂಟು. ಚಿತ್ರಣತಜ್ಞರು ಇವನ್ನು ನೆನಪಿಡುವ ಬಗೆ ಸ್ವಾರಸ್ಯವಾಗಿದೆ: ತಿಳಿನೀರಿನದು ಅಜ್ಜಿಯ ಗೆಡ್ಡೆ, ಲೋಳೆಚೀಲ ತಾಯಿಯ ಗೆಡ್ಡೆ, ಫ್ರಾಂಟ್ಸರ ಗೆಡ್ಡೆ ಮಗಳದು. ರೋಗಿಯ ವಯಸ್ಸೂ ಲಿಂಗವೂ ಚಿತ್ರದಷ್ಟೇ ಬೆಲೆಯುಳ್ಳ ಆಧಾರಗಳೆಂಬುದು ಈ ಮಾತಿನಲ್ಲಿ ಅಡಗಿದೆ.

ಜಾತಿನಿರ್ಣಯದ ಹೊಣೆ ಚಿತ್ರಣದ ಮೇಲೆ ಬೀಳುವ ಹೊತ್ತಿಗೆ ಸಿ.ಟಿ. ಯಂತ್ರ ಸಿದ್ಧವಾಗಿತ್ತು. ಇಂಗ್ಲೆಂಡಿನ ಇ.ಎಂ.ಐ. ಕಂಪೆನಿಯಲ್ಲಿದ್ದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ನಿರ್ಮಿಸಿದ ಈ ಯಂತ್ರದಿಂದ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿದ್ದು 1971ರ ಅಕ್ಟೋಬರ್ 1ರಂದು, ಲಂಡನ್ ಸಮೀಪದ ವಿಂಬಲ್ಡನ್ನಿನಲ್ಲಿದ್ದ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ. ಆ ಮೊದಲ ಚಿತ್ರದಲ್ಲಿ ಕಂಡದ್ದೂ ಗುಂಡಾದ ಒಂದು ಸಿಸ್ಟೇ ಎಂಬುದು ಕಾಕತಾಳೀಯ. ಹೌನ್ಸ್‌ಫೀಲ್ಡರಿಗೂ, ಇದಕ್ಕೆ ಬೇಕಾದ ಗಣಿತವನ್ನು ಮೊದಲೇ ಪ್ರಕಟಿಸಿದ್ದ ಅಲನ್ ಕಾರ್ಮ್ಯಾಕ್ ಅವರಿಗೂ 1979ರಲ್ಲಿ ನೊಬೆಲ್ ಬಹುಮಾನ ಸಂದಿತು. ಸಾಮಾನ್ಯ ಕ್ಷಕಿರಣಚಿತ್ರದಲ್ಲಿ ಹಿಂದುಮುಂದಿನ ಅಂಗಗಳ ನೆರಳುಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ. ಸಿ.ಟಿ.ಯಲ್ಲಿ ಕಿರಣಗಳು ದೇಹವನ್ನು ಸುತ್ತುವರಿದು ನಾನಾ ದಿಕ್ಕಿನಿಂದ ಹಾಯುತ್ತವೆ. ಗಣಕಯಂತ್ರವು ಆ ಅಳತೆಗಳಿಂದ ದೇಹದ ಅಡ್ಡಸೀಳನ್ನು ಕಟ್ಟಿಕೊಡುತ್ತದೆ. ಪ್ರತಿಯೊಂದು ಬಿಂದುವಿಗೂ ಒಂದು ಅಂಕಿ: ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಯ ಕೆಳಗೆ ಒಂದು ಸಾವಿರ.

ಸಿ.ಟಿ.ಯ ಗುಣ ಅದರ ಸಮಗ್ರದೃಷ್ಟಿ. ವಾಯುವೂ ಕೊಬ್ಬೂ ಅದಕ್ಕೆ ಅಡ್ಡಿಯಲ್ಲ. ಕೆಲವೇ ಸೆಕೆಂಡುಗಳಲ್ಲಿ ಇಡೀ ಹೊಟ್ಟೆ ಚಿತ್ರಿತವಾಗುತ್ತದೆ. ಸಿಸ್ಟಿನ ಸುತ್ತಲಿನ ರಕ್ತನಾಳಗಳು, ದೂರದ ಯಕೃತ್ತಿನಲ್ಲಿ ಕ್ಯಾನ್ಸರು ಹರಡಿದೆಯೇ ಎಂಬುದು, ಉರಿಯೂತದ ಗುರುತುಗಳು, ಇವೆಲ್ಲ ಒಂದೇ ನೋಟಕ್ಕೆ ಸಿಕ್ಕುತ್ತವೆ. ಸುಣ್ಣದ ಕಣಗಳನ್ನು ತೋರಿಸುವುದರಲ್ಲಿ ಇದಕ್ಕೆ ಸಮನಾದುದಿಲ್ಲ. ಅಜ್ಜಿಯ ಗೆಡ್ಡೆಯ ನಡುವೆ ನಕ್ಷತ್ರಾಕಾರದ ಕಲೆಯೂ ಅದರಲ್ಲಿ ಸುಣ್ಣವೂ ಕಂಡರೆ ನಿರ್ಣಯ ಹೆಚ್ಚುಕಡಮೆ ಮುಗಿದಂತೆ. ಆದರೆ ತಿಳಿನೀರಿಗೂ ತೆಳುವಾದ ಲೋಳೆಗೂ ಸಿ.ಟಿ. ಕೊಡುವ ಅಂಕಿಗಳು ಒಂದನ್ನೊಂದು ಹೋಲುತ್ತವೆ. ಆದ್ದರಿಂದ ಅತ್ಯಂತ ಮುಖ್ಯವಾದ ಭೇದದ ಮುಂದೆ ಈ ಯಂತ್ರ ಮೂಕವಾಗುತ್ತದೆ. ಜೇನುಗೂಡಿನ ಕೋಣೆಗಳು ತೀರ ಸಣ್ಣವಾಗಿದ್ದರೆ ಗೋಡೆಗಳೆಲ್ಲ ಕೂಡಿಕೊಂಡು ಇಡೀ ಗೆಡ್ಡೆಯನ್ನು ಗಟ್ಟಿಯೆಂದೇ ಭ್ರಮಿಸುವಂತಾಗುತ್ತದೆ. ಮೇಲಾಗಿ, ಹೊಟ್ಟೆಯ ಒಂದು ಸಿ.ಟಿ. ಪರೀಕ್ಷೆಯ ಕಿರಣಪ್ರಮಾಣವು ನಿಸರ್ಗದಿಂದ ನಮ್ಮ ಮೇಲೆ ಬೀಳುವ ಮೂರುನಾಲ್ಕು ವರ್ಷಗಳ ಕಿರಣಕ್ಕೆ ಸಮ. ಒಂದೆರಡು ಸಲಕ್ಕೆ ಇದು ಚಿಂತಿಸತಕ್ಕ ವಿಷಯವಲ್ಲ. ವರ್ಷವರ್ಷವೂ ನೋಡುತ್ತಿರಬೇಕಾದ ರೋಗಿಗೆ ಮಾತ್ರ ಚಿಂತಿಸತಕ್ಕದ್ದೇ.

ವಿರ್ಸುಂಗನ ನಾಳ ಕಥೆಯೊಳಕ್ಕೆ ಮರಳಿ ಬರುವುದು ಈಗ. 1968ರಲ್ಲಿ ಅಮೆರಿಕದ ಮೆಕ್ಯೂನ್ ಎಂಬ ವೈದ್ಯರೂ, ಅನಂತರ ಬೇಗನೆ ಜಪಾನಿನ ವೈದ್ಯರೂ ಬಾಯಿಯ ಮೂಲಕ ಎಂಡೊಸ್ಕೋಪನ್ನು ಕರುಳಿನವರೆಗೆ ಇಳಿಸಿ, ನಾಳದ ಬಾಯಿಗೆ ಸಣ್ಣ ನಳಿಕೆಯನ್ನು ಸೇರಿಸಿ, ಕ್ಷಕಿರಣಕ್ಕೆ ಕಾಣುವ ದ್ರವವನ್ನು ಒಳಕ್ಕೆ ಬಿಡುವ ಕ್ರಮವನ್ನು ರೂಢಿಸಿದರು. 1982ರಲ್ಲಿ ಜಪಾನಿನ ಓಹಾಶಿ ಮತ್ತು ಸಂಗಡಿಗರು, ನಾಳದ ಬಾಯಿ ಉಬ್ಬಿ ಅದರಿಂದ ಲೋಳೆ ಒಸರುತ್ತಿದ್ದ ರೋಗಿಗಳನ್ನು ವರ್ಣಿಸಿದರು. ಇಲ್ಲಿ ಲೋಳೆಯನ್ನು ಸ್ರವಿಸುವ ಗೆಡ್ಡೆ ನಾಳದೊಳಗೇ ಹುಟ್ಟಿ ನಾಳವನ್ನೇ ಚೀಲವನ್ನಾಗಿ ಹಿಗ್ಗಿಸಿತ್ತು. ಇಂದು ಐ.ಪಿ.ಎಂ.ಎನ್. ಎಂದು ಕರೆಯಲ್ಪಡುವ ಈ ಗೆಡ್ಡೆ ಸ್ತ್ರೀಪುರುಷರಿಬ್ಬರಲ್ಲಿಯೂ, ಬಹುಮಟ್ಟಿಗೆ ಇಳಿವಯಸ್ಸಿನಲ್ಲಿ ಕಾಣಬರುತ್ತದೆ. ಹಿಗ್ಗಿರುವುದು ಮುಖ್ಯ ನಾಳವಾದರೆ ಕ್ಯಾನ್ಸರಿನ ಭಯ ಅಧಿಕ. ಕವಲುನಾಳ ಮಾತ್ರವಾದರೆ ಕಡಮೆ. ತಾಯಿಯ ಗೆಡ್ಡೆಗಾದರೋ ನಾಳದೊಡನೆ ಸಂಪರ್ಕವಿರುವುದಿಲ್ಲ. ಹೀಗಾಗಿ, ಈ ಚೀಲಕ್ಕೂ ನಾಳಕ್ಕೂ ದಾರಿಯುಂಟೇ ಎಂಬುದು ಚಿತ್ರಣಕ್ಕೆ ಕೇಳತಕ್ಕ ಪ್ರಮುಖ ಪ್ರಶ್ನೆಯಾಯಿತು. ನಾಳಕ್ಕೆ ದ್ರವ ಬಿಡುವ ಪರೀಕ್ಷೆ ಇದಕ್ಕೆ ಉತ್ತರ ಕೊಡಬಲ್ಲದಾದರೂ ಅದರಿಂದಲೇ ಕೆಲವರಿಗೆ ಗ್ರಂಥಿಯ ಉರಿಯೂತ ಉಂಟಾಗುತ್ತಿತ್ತು. ರೋಗವನ್ನು ಅರಸಹೋಗಿ ರೋಗವನ್ನು ತರುವ ಉಪಾಯವನ್ನು ಯಾರೂ ಬಹುಕಾಲ ಮೆಚ್ಚಲಾರರು.

ಈ ತೊಡಕನ್ನು ಬಿಡಿಸಿದ್ದು ಎಂ.ಆರ್.ಐ. ಬಲವಾದ ಅಯಸ್ಕಾಂತದ ನಡುವೆ ದೇಹದ ನೀರಿನಲ್ಲಿರುವ ಹೈಡ್ರೊಜನ್ ಪರಮಾಣುಕೇಂದ್ರಗಳನ್ನು ರೇಡಿಯೊ ತರಂಗದಿಂದ ಕಲಕಿ, ಅವು ಮತ್ತೆ ಸ್ತಿಮಿತಕ್ಕೆ ಬರುವಾಗ ಹೊರಡಿಸುವ ಸಂಜ್ಞೆಗಳಿಂದ ಚಿತ್ರವನ್ನು ರಚಿಸುವುದು ಇದರ ಕ್ರಮ. 1973ರಲ್ಲಿ ಪಾಲ್ ಲಾಟರ್‌ಬರ್ ಪ್ರಕಟಿಸಿದ ಮೊತ್ತಮೊದಲ ಚಿತ್ರ ನೀರು ತುಂಬಿದ ಎರಡು ಸಣ್ಣ ಕೊಳವೆಗಳದ್ದು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡರಿಗೂ 2003ರಲ್ಲಿ ನೊಬೆಲ್ ಬಹುಮಾನ ಬಂದಿತು. ನೀರೇ ಈ ವಿಧಾನದ ಮೂಲದ್ರವ್ಯವಾದ ಮೇಲೆ ದ್ರವಚೀಲವನ್ನು ಕಾಣುವುದರಲ್ಲಿ ಇದನ್ನು ಮೀರಿಸುವುದು ಯಾವುದು? 1991ರಲ್ಲಿ ಜರ್ಮನಿಯ ವೈದ್ಯರು, ನಿಂತ ದ್ರವ ಮಾತ್ರ ಬೆಳ್ಳಗೆ ಬೆಳಗಿ ಉಳಿದುದೆಲ್ಲ ಕಪ್ಪಾಗುವಂತೆ ಯಂತ್ರವನ್ನು ಅಳವಡಿಸಿ, ಪಿತ್ತನಾಳವನ್ನೂ ಮೇದೋಜೀರಕದ ನಾಳವನ್ನೂ ಯಾವ ನಳಿಕೆಯನ್ನೂ ಇಳಿಸದೆ ಚಿತ್ರಿಸಿದರು. ಎಂ.ಆರ್.ಸಿ.ಪಿ. ಎಂದು ಹೆಸರಾದ ಈ ಕ್ರಮದಲ್ಲಿ ನಾಳವು ಬೆಳ್ಳಿಯ ಎಳೆಯಂತೆಯೂ ಅದಕ್ಕೆ ತಗುಲಿದ ಚೀಲಗಳು ದ್ರಾಕ್ಷಿಯ ಗೊಂಚಲಿನಂತೆಯೂ ತೋರುತ್ತವೆ. ಒಳಗಿನ ತೆಳುಗೋಡೆಗಳೂ ಕಾಣುತ್ತವೆ, ಸಿ.ಟಿ.ಗೆ ಗಟ್ಟಿಯೆಂದು ತೋರಿದ ಜೇನುಗೂಡು ಇಲ್ಲಿ ಜೇನುಗೂಡಾಗಿಯೇ ಕಾಣುತ್ತದೆ. ಹಾನಿಕಾರಕ ಕಿರಣಗಳಿಲ್ಲವಾದ್ದರಿಂದ ಎಷ್ಟು ಸಲ ಬೇಕಾದರೂ ನೋಡಬಹುದು. ಅಮೆರಿಕದ ಜಠರಕರುಳುತಜ್ಞರ ಸಂಘವು 2015ರ ತನ್ನ ಸಲಹೆಗಳಲ್ಲಿ ಸಿಸ್ಟುಗಳ ಮೇಲೆ ಕಣ್ಣಿಡಲು ಎಂ.ಆರ್.ಐ.ಯನ್ನೇ ಆರಿಸಿದ್ದು ಇದರಿಂದಲೇ.

ಕುಂದುಗಳಿಲ್ಲವೆಂದಲ್ಲ. ಸುಣ್ಣದ ಕಣ ಇದಕ್ಕೆ ಸರಿಯಾಗಿ ಕಾಣದು. ಇಕ್ಕಟ್ಟಾದ ಸುರಂಗದಲ್ಲಿ ಗದ್ದಲದ ನಡುವೆ ಅರ್ಧ ಗಂಟೆಯಷ್ಟು ಕಾಲ ಅಲುಗಾಡದೆ, ಹೇಳಿದಾಗ ಉಸಿರು ಕಟ್ಟಿ ಮಲಗಬೇಕು. ಮುದುಕರಿಗೂ ದಮ್ಮಿನ ರೋಗಿಗಳಿಗೂ ಇದು ಸುಲಭವಲ್ಲ. ಹೃದಯಕ್ಕೆ ಹಳೆಯ ಮಾದರಿಯ ಪೇಸ್‌ಮೇಕರು ಅಳವಡಿಸಿಕೊಂಡವರಿಗೆ ನಿಷೇಧವುಂಟು. ವೆಚ್ಚವೂ ಹೆಚ್ಚು. ಆದರೆ ಇದರ ನಿಜವಾದ ಕುಂದು ಇದರ ಗುಣದಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಪೊಮೆರೇನಿಯಾದಲ್ಲಿ ಕಂಡಂತೆ ಇದು ಅರ್ಧದಷ್ಟು ಜನರನ್ನು ಸಿಸ್ಟಿನ ಒಡೆಯರನ್ನಾಗಿ ಮಾಡಬಲ್ಲದು. ಆ ಜನರನ್ನು ಮುಂದೆ ಹಲವು ವರ್ಷ ಗಮನಿಸಿದಾಗ ಮೇದೋಜೀರಕದ ರೋಗದಿಂದ ಒಬ್ಬರೂ ಸಾಯಲಿಲ್ಲ. 1995ರಲ್ಲಿ ಜಪಾನಿನಲ್ಲಿ 300 ಶವಪರೀಕ್ಷೆಗಳ ಆಧಾರದ ಮೇಲೆ ಪ್ರಕಟವಾದ ಅಧ್ಯಯನವೊಂದರಲ್ಲಿಯೂ ಸುಮಾರು ಕಾಲುಭಾಗ ದೇಹಗಳಲ್ಲಿ ಸಣ್ಣ ಸಿಸ್ಟುಗಳಿದ್ದುವು. ಬದುಕಿದ್ದಾಗ ಅವು ಯಾರ ಗಮನಕ್ಕೂ ಬಂದಿರಲಿಲ್ಲ. ನರೆಗೂದಲಿನಂತೆ ವಯಸ್ಸಿನೊಡನೆ ಬರುವ ಇಂಥ ಸಂಗತಿಗೆ ರೋಗದ ಹೆಸರಿಟ್ಟು ವರದಿಯಲ್ಲಿ ಬರೆದುಕೊಟ್ಟಾಗ, ಅದನ್ನು ಓದಿದವನ ನಿದ್ರೆ ಕೆಡುವುದು ಮಾತ್ರ ಖಂಡಿತ.

ಹೊರಗಿನಿಂದ ನೋಡುವ ಬದಲು ಒಳಕ್ಕೇ ಹೋಗಿ ನೋಡುವುದು ಮತ್ತೊಂದು ಮಾರ್ಗ. 1980ರಲ್ಲಿ ಎಂಡೊಸ್ಕೋಪಿನ ತುದಿಗೆ ಅಲ್ಟ್ರಾಸೌಂಡಿನ ಸಣ್ಣ ಉಪಕರಣವನ್ನು ಜೋಡಿಸಿದ ಮೊದಲ ವರದಿಗಳು ಅಮೆರಿಕ, ಜರ್ಮನಿಗಳಿಂದ ಬಂದುವು. ಧ್ವನಿಯ ಕಂಪನಸಂಖ್ಯೆ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ಅದು ಹೋಗುವ ದೂರ ಕಡಮೆಯಾಗುತ್ತದೆ. ಹೊಟ್ಟೆಯ ಮೇಲಿನಿಂದ ನೋಡುವಾಗ ದೂರಕ್ಕಾಗಿ ಸೂಕ್ಷ್ಮತೆಯನ್ನು ಬಿಟ್ಟುಕೊಡಲೇಬೇಕು. ಜಠರದ ಒಳಗೋಡೆಗೆ ಉಪಕರಣವನ್ನು ಒತ್ತಿಟ್ಟರೆ ಗ್ರಂಥಿ ಕೆಲವೇ ಮಿಲಿಮೀಟರುಗಳ ದೂರದಲ್ಲಿರುತ್ತದೆ, ನಡುವೆ ವಾಯುವಿಲ್ಲ. ಆದುದರಿಂದ ಚೀಲದ ಗೋಡೆಯ ಮೇಲಿನ ಪುಟ್ಟ ಗಂಟು ಕೂಡ ಇದಕ್ಕೆ ಮರೆಯಾಗುವುದು ಕಷ್ಟ. ಕ್ಯಾನ್ಸರಿನ ಮುನ್ಸೂಚನೆಯಾಗಿ ಅಂಥ ಗಂಟಿಗೆ ಬಹಳ ಬೆಲೆಯಿದೆ.

ಹೀಗಿದ್ದೂ ಹತ್ತಿರ ನಿಂತ ಸಾಕ್ಷಿಯೇ ಹೆಚ್ಚು ನಂಬಿಕೆಗೆ ಪಾತ್ರನೆಂಬ ನಮ್ಮ ಸಹಜಭಾವನೆಗೆ ಇಲ್ಲಿ ಪೆಟ್ಟು ಬೀಳುತ್ತದೆ. 2003ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಶಸ್ತ್ರಚಿಕಿತ್ಸೆಯಿಂದ ನಿಜಸ್ಥಿತಿ ಗೊತ್ತಾಗಿದ್ದ 31 ಸಿಸ್ಟುಗಳ ಇಂಥ ಚಿತ್ರಗಳನ್ನು ಎಂಟು ಮಂದಿ ನುರಿತ ತಜ್ಞರಿಗೆ ಪ್ರತ್ಯೇಕವಾಗಿ ತೋರಿಸಿದಾಗ ಅವರ ಅಭಿಪ್ರಾಯಗಳಲ್ಲಿ ಒಮ್ಮತ ಅಲ್ಪವಾಗಿತ್ತು. 2004ರಲ್ಲಿ ಬ್ರುಗ್ಗೆ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಬರಿಯ ಈ ಚಿತ್ರವನ್ನು ನೋಡಿ ಲೋಳೆಚೀಲವೇ ಅಲ್ಲವೇ ಎಂದು ಹೇಳಿದ ನಿರ್ಣಯ ಸರಿಯಾದದ್ದು ನೂರಕ್ಕೆ 51 ಸಲ. ಎಂದರೆ ನಾಣ್ಯ ಚಿಮ್ಮಿ ಹೇಳಿದಷ್ಟೇ. ಅದೇ ಉಪಕರಣದ ಮೂಲಕ ಸೂಜಿಯನ್ನು ಚುಚ್ಚಿ ಹೀರಿದ ದ್ರವದಲ್ಲಿ ಸಿ.ಇ.ಎ. ಎಂಬ ಪ್ರೋಟೀನಿನ ಪ್ರಮಾಣವನ್ನು ಅಳೆದು, ಮಿಲಿಲೀಟರಿಗೆ 192 ನ್ಯಾನೊಗ್ರಾಮನ್ನು ಮೇರೆಯಾಗಿಟ್ಟುಕೊಂಡಾಗ ನಿರ್ಣಯ ನೂರಕ್ಕೆ 79ರಷ್ಟು ಸರಿಯಾಯಿತು. ಈ ಉಪಕರಣದ ಮುಖ್ಯ ಪ್ರಯೋಜನ ಅದರ ಕಣ್ಣಿಗಿಂತ ಅದರ ಸೂಜಿಯಲ್ಲಿದೆ ಎಂದರೆ ತಪ್ಪಾಗದು. ದ್ರವದಲ್ಲಿ ಗ್ಲೂಕೋಸಿನ ಅಂಶ ತೀರ ಕಡಮೆಯಿದ್ದರೆ ಅದು ಲೋಳೆಚೀಲದ ಗುರುತೆಂದು ಈಚೆಗೆ ತಿಳಿದುಬಂದಿದೆ. ಅಮೈಲೇಸ್ ಕಡಮೆಯಿದ್ದರೆ ಹುಸಿಚೀಲವಲ್ಲವೆಂದು ತಿಳಿಯಬಹುದು. ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು, ಒಂದು ಹನಿ ದ್ರವವನ್ನು ಎರಡು ಬೆರಳುಗಳ ನಡುವೆ ಹಿಡಿದು ಎಳೆದು ನೋಡುವ ಪರೀಕ್ಷೆ. ಒಂದು ಸೆಂಟಿಮೀಟರಿಗಿಂತ ಉದ್ದವಾದ ಎಳೆ ಬಂದರೆ ಅದು ಲೋಳೆ. ಬೆಲ್ಲದ ಪಾಕ ಎಳೆ ಬಂದಿದೆಯೇ ಎಂದು ನೋಡುವ ನಮ್ಮ ಅಡಿಗೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಈ ನಿರ್ಣಯಗಳ ಹಿಂದೆ ಪ್ರಾಣದ ಪ್ರಶ್ನೆಯಿದೆ. ಗ್ರಂಥಿಯ ತಲೆಯ ಭಾಗವನ್ನು ತೆಗೆಯಬೇಕಾದರೆ, 1935ರಲ್ಲಿ ಅಮೆರಿಕದ ವಿಪಲ್ ಪ್ರಕಟಿಸಿದ ಕ್ರಮದಿಂದ ಬೆಳೆದುಬಂದ ಶಸ್ತ್ರಚಿಕಿತ್ಸೆಯನ್ನು ಮಾಡಬೇಕು. ಕರುಳಿನ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ ಇವನ್ನೆಲ್ಲ ಕತ್ತರಿಸಿ ಮತ್ತೆ ಜೋಡಿಸುವ ಈ ಚಿಕಿತ್ಸೆ ನುರಿತ ಕೈಗಳಲ್ಲಿಯೂ ಅಪಾಯರಹಿತವಲ್ಲ. ಅಜ್ಜಿಯ ಗೆಡ್ಡೆಯನ್ನು, ಎಂದರೆ ನಿರುಪದ್ರವಿಯಾದ ತಿಳಿನೀರಿನ ಗೆಡ್ಡೆಯನ್ನು, ಕುರಿತು ಹಲವು ದೇಶಗಳ 71 ಆಸ್ಪತ್ರೆಗಳು ಕೂಡಿ 2016ರಲ್ಲಿ ಪ್ರಕಟಿಸಿದ ವರದಿ ಈ ದೃಷ್ಟಿಯಿಂದ ಮನನೀಯವಾಗಿದೆ. 2622 ರೋಗಿಗಳಲ್ಲಿ ನೂರಕ್ಕೆ 61 ಮಂದಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಅವರಲ್ಲಿ ನೂರಕ್ಕೆ 60ರಷ್ಟು ಜನಕ್ಕೆ ಕಾರಣ ನೋವೂ ಅಲ್ಲ, ಬೆಳವಣಿಗೆಯೂ ಅಲ್ಲ, ಗೆಡ್ಡೆ ಯಾವ ಜಾತಿಯದೆಂಬ ಸಂದೇಹ. ಆ ಗೆಡ್ಡೆಯಿಂದ ಸತ್ತವರು ಒಬ್ಬರು; ಶಸ್ತ್ರಚಿಕಿತ್ಸೆಯ ತರುವಾಯ ಸತ್ತವರು ಹತ್ತು ಮಂದಿ. ಶಸ್ತ್ರವೈದ್ಯರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಲೋಳೆಚೀಲವನ್ನು ತಿಳಿನೀರಿನದೆಂದು ಬಗೆದು ಬಿಟ್ಟಿದ್ದರೆ ಆಗುತ್ತಿದ್ದ ಅನರ್ಥವೂ ಅವರ ಕಣ್ಣ ಮುಂದಿತ್ತು. ಮೇದೋಜೀರಕದ ಕ್ಯಾನ್ಸರು ಬಲಿತ ಮೇಲೆ ಗುಣವಾಗುವುದು ವಿರಳ.

ಆದುದರಿಂದ ಯಾವ ವಿಧಾನ ಶ್ರೇಷ್ಠವೆಂದು ಕೇಳುವುದಕ್ಕಿಂತ, ಯಾವ ಪ್ರಶ್ನೆಗೆ ಯಾವುದನ್ನು ಕೇಳಬೇಕೆಂದು ವಿಚಾರಿಸುವುದು ಮೇಲು. ಹೊಟ್ಟೆಯ ಮೇಲಿನ ಅಲ್ಟ್ರಾಸೌಂಡಿನಲ್ಲಿ ಏನೋ ಕಂಡಿತೆಂದರೆ ಎಂ.ಆರ್.ಐ.ಯನ್ನು ಎಂ.ಆರ್.ಸಿ.ಪಿ.ಯೊಡನೆ ಮಾಡಿಸುವುದು, ಅದು ದೊರೆಯದಿದ್ದಲ್ಲಿ ಅಥವಾ ಸುಣ್ಣ, ರಕ್ತನಾಳ, ಹರಡುವಿಕೆಗಳ ಪ್ರಶ್ನೆಯಿದ್ದಲ್ಲಿ ಗ್ರಂಥಿಗೆಂದೇ ಹೊಂದಿಸಿದ ಸಿ.ಟಿ.ಯನ್ನು ಮಾಡಿಸುವುದು ಈಗ ರೂಢಿ. ಒಳಗಿನಿಂದ ನೋಡುವ ಅಲ್ಟ್ರಾಸೌಂಡ್ ಎಲ್ಲರಿಗಲ್ಲ. ಮೊದಲ ಚಿತ್ರಗಳಲ್ಲಿ ಸಂಶಯಾಸ್ಪದವಾದ ಚಿಹ್ನೆ ಕಂಡವರಿಗೆ. ಆ ಚಿಹ್ನೆಗಳಾವುವೆಂಬುದನ್ನು ಅಂತರರಾಷ್ಟ್ರೀಯ ತಜ್ಞರು ಸೆಂಡಾಯ್, ಫುಕುವೊಕ, ಕ್ಯೋಟೊ ನಗರಗಳ ಹೆಸರಿನಲ್ಲಿ ಕ್ರಮವಾಗಿ 2006, 2012, 2024ರಲ್ಲಿ ಪ್ರಕಟವಾದ ಸೂತ್ರಗಳಲ್ಲಿ ನಿರೂಪಿಸಿದ್ದಾರೆ. ಕ್ಯೋಟೊ ಸೂತ್ರಗಳ ಪ್ರಕಾರ ಮುಖ್ಯ ನಾಳ 10 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಹಿಗ್ಗಿರುವುದು, ರಕ್ತಸಂಚಾರವುಳ್ಳ 5 ಮಿಲಿಮೀಟರಿನ ಅಥವಾ ಮೀರಿದ ಗಂಟು, ಗ್ರಂಥಿಯ ತಲೆಯ ಸಿಸ್ಟಿನಿಂದ ಉಂಟಾದ ಕಾಮಾಲೆ, ಇವು ಶಸ್ತ್ರಚಿಕಿತ್ಸೆಯನ್ನು ಸೂಚಿಸುವ ಪ್ರಬಲ ಚಿಹ್ನೆಗಳಲ್ಲಿ ಸೇರಿವೆ. ಸಿಸ್ಟು 3 ಸೆಂಟಿಮೀಟರು ಅಥವಾ ಹೆಚ್ಚಿರುವುದು, ನಾಳ 5ರಿಂದ 9 ಮಿಲಿಮೀಟರಿರುವುದು ಎಚ್ಚರಿಕೆಯ ಚಿಹ್ನೆಗಳು. ಇವುಗಳಲ್ಲಿ ಬಹುಪಾಲು ಅಳತೆಗಳೇ ಆಗಿರುವುದನ್ನು ಗಮನಿಸಬೇಕು. ಒಬ್ಬನೇ ರೋಗಿಯನ್ನು ಈ ವರ್ಷ ಸಿ.ಟಿ.ಯಲ್ಲಿ, ಬರುವ ವರ್ಷ ಎಂ.ಆರ್.ಐ.ಯಲ್ಲಿ ಅಳೆದರೆ ಸಿಸ್ಟು ಬೆಳೆಯದೆಯೂ ಅಂಕಿ ಬೆಳೆಯಬಹುದು. ಹಿಂದಿನ ಚಿತ್ರಗಳನ್ನು ಜೋಪಾನವಾಗಿಟ್ಟು, ಸಾಧ್ಯವಾದಷ್ಟೂ ಒಂದೇ ವಿಧಾನದಿಂದ ಹೋಲಿಸಬೇಕಾದದ್ದು ಇದಕ್ಕಾಗಿಯೇ. ನಮ್ಮಲ್ಲಿ ಈ ಚಿತ್ರಗಳು ರೋಗಿಯ ಮನೆಯಲ್ಲಿಯೇ ಉಳಿಯುವುದು ವಾಡಿಕೆ. ಹಳೆಯದೆಂದು ಎಸೆದುಬಿಡುವವರೂ ಉಂಟು.

ಎಷ್ಟು ವರ್ಷ ಹೀಗೆ ನೋಡುತ್ತಿರಬೇಕೆಂಬ ವಿಷಯದಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಎಚ್ಚರಿಕೆಯ ಚಿಹ್ನೆಗಳಿಲ್ಲದ ಸಿಸ್ಟು ಐದು ವರ್ಷ ಬದಲಾಗದೆ ಉಳಿದರೆ ಪರೀಕ್ಷೆಗಳನ್ನು ನಿಲ್ಲಿಸಬಹುದೆಂದು 2015ರಲ್ಲಿ ಅಮೆರಿಕದ ಸಂಘ ಹೇಳಿತು. ಹಲವರು ಇದನ್ನು ಒಪ್ಪಲಿಲ್ಲ. 2024ರ ಕ್ಯೋಟೊ ಸೂತ್ರಗಳು 2 ಸೆಂಟಿಮೀಟರಿಗಿಂತ ಸಣ್ಣದಾದ, ಐದು ವರ್ಷ ಸ್ಥಿರವಾಗಿದ್ದ ಕವಲುನಾಳದ ಸಿಸ್ಟುಗಳ ವಿಷಯದಲ್ಲಿ ಮುಂದುವರಿಸುವುದನ್ನೂ ನಿಲ್ಲಿಸುವುದನ್ನೂ ವೈದ್ಯ ಮತ್ತು ರೋಗಿಯ ವಿವೇಚನೆಗೆ ಬಿಟ್ಟಿವೆ. ಭಿನ್ನಮತಕ್ಕೆ ಕಾರಣವೂ ಚಿತ್ರಣಕ್ಕೆ ಸಂಬಂಧಿಸಿದ್ದೇ. ಐ.ಪಿ.ಎಂ.ಎನ್. ಉಳ್ಳ ಕೆಲವರಲ್ಲಿ ಕ್ಯಾನ್ಸರು ಕಣ್ಣಿಟ್ಟು ಕಾಯುತ್ತಿದ್ದ ಚೀಲದಲ್ಲಿ ಹುಟ್ಟದೆ ಅದೇ ಗ್ರಂಥಿಯ ಬೇರೊಂದು ಮೂಲೆಯಲ್ಲಿ, ಚಿತ್ರದಲ್ಲಿ ಯಾವ ಗುರುತೂ ಇಲ್ಲದಿದ್ದ ಎಡೆಯಲ್ಲಿ, ಹುಟ್ಟಿಕೊಳ್ಳುತ್ತದೆ. ಚೀಲದ ಚಿತ್ರ ಎಷ್ಟೇ ಸ್ಫುಟವಾಗಿದ್ದರೂ ಈ ಸಂಗತಿಯನ್ನು ಅದು ಮುಂದಾಗಿ ಹೇಳಲಾರದು. ಆದಕಾರಣ ಸಿಸ್ಟನ್ನು ಮಾತ್ರವಲ್ಲದೆ ಇಡೀ ಗ್ರಂಥಿಯನ್ನು ಪ್ರತಿಸಲವೂ ಮೊದಲಿನಿಂದ ಓದಬೇಕೆಂದು ಚಿತ್ರಣತಜ್ಞರು ತಮ್ಮ ಶಿಷ್ಯರಿಗೆ ಹೇಳುತ್ತಾರೆ.